ಹುಟ್ಟುಹಬ್ಬಕ್ಕೆ ಸಿಕ್ಕ ಒಂದು ಹಾಳೆ: ಗೋಡೆಗೆ ಹಾಕಲಾ, ಬೇಡವಾ?

ಸಾಗರದವ
ಎಲ್ಲರಿಗೂ ನಮಸ್ಕಾರ. ಇಲ್ಲಿ ಹಸ್ತಪ್ರತಿ ಬಲ್ಲವರು ಇದ್ದೀರಿ ಎಂಬ ಧೈರ್ಯದಲ್ಲಿ ಕೇಳುತ್ತಿದ್ದೇನೆ.

ನಾವಿರುವುದು ಅಮೆರಿಕದ ಕ್ಲೀವ್‌ಲ್ಯಾಂಡ್ ಪಕ್ಕದ ಸಣ್ಣ ಊರಲ್ಲಿ. ಹೋದ ತಿಂಗಳು ನನಗೆ ನಲವತ್ತು ತುಂಬಿತು. ನನಗೆ ಹಳೆ ಪುಸ್ತಕದ ಹುಚ್ಚು ಅಂತ ಹೆಂಡತಿ ಆನ್‌ಲೈನ್ ಹರಾಜಿನಲ್ಲಿ 210 ಡಾಲರ್ ಕೊಟ್ಟು ಒಂದು ಹಾಳೆ ತರಿಸಿದಳು. ಫ್ರಾನ್ಸಿನದು, ಸುಮಾರು 1460ರ ಪ್ರಾರ್ಥನೆ ಪುಸ್ತಕದ್ದು ಅಂತ ಜೊತೆಗೊಂದು ಚೀಟಿ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಕಾಗದ ಅಲ್ಲ, ಚರ್ಮ. ಒಂದು ದೊಡ್ಡ ಅಕ್ಷರಕ್ಕೆ ಚಿನ್ನ ಹಚ್ಚಿದ್ದಾರೆ. ಬೆರಳಾಡಿಸಿದರೆ ಉಬ್ಬಿರುವುದು ಗೊತ್ತಾಗುತ್ತದೆ. ಲೈಟಿನ ಕೆಳಗೆ ಸ್ವಲ್ಪ ಓರೆ ಮಾಡಿದರೆ ಅಜ್ಜಿಯ ಮೂಗುಬೊಟ್ಟಿನ ಹಾಗೆ ಮಿಂಚುತ್ತದೆ.

ಎರಡು ದಿನ ಖುಷಿಯಲ್ಲೇ ಇದ್ದೆ. ಮೂರನೇ ದಿನ ಸುಮ್ನೆ ಆ ಮಾರುವವನ ಪುಟ ತೆರೆದೆ. ಅದೇ ಅಳತೆ, ಅದೇ ಕೈಬರಹ, ಅಂಚಿನಲ್ಲಿ ಅದೇ ಬಳ್ಳಿ ಇರುವ 38 ಹಾಳೆಗಳು ಬಿಡಿಬಿಡಿಯಾಗಿ ಮಾರಾಟಕ್ಕಿದ್ದವು. ಚಿತ್ರ ಇರುವುದಕ್ಕೆ ಒಂದು ರೇಟು, ಬರೀ ಅಕ್ಷರಕ್ಕೆ ಒಂದು ರೇಟು. ಕೋಳಿ ಅಂಗಡಿಯಲ್ಲಿ ಕಾಲು ಬೇರೆ, ರೆಕ್ಕೆ ಬೇರೆ ಇಟ್ಟ ಹಾಗೆ. ಆವತ್ತಿನಿಂದ ಫ್ರೇಮ್ ಹಾಕಿಸಲು ಮನಸ್ಸು ಬರುತ್ತಿಲ್ಲ. ಅವಳಿಗೆ ಹೇಳಲೂ ಆಗುತ್ತಿಲ್ಲ. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಖಾಲಿಪುಟ
ಮೊದಲು ಫೋಟೊ ಹಾಕಿ ಸರ್. ಪಾಪ ಪುಣ್ಯ ಆಮೇಲೆ.

ಓಲೆಮನೆ
ಸಾಗರದವರೇ, ಮೊದಲನೇ ಮಾತು: ಚಿನ್ನದ ಮೇಲೆ ಬೆರಳಾಡಿಸಬೇಡಿ. ಅದು ಸುಣ್ಣದಂಥ ಬಿಳಿ ಮಣ್ಣಿನ ಮೆತ್ತೆಯ ಮೇಲೆ ಕೂರಿಸಿದ ಚಿನ್ನದ ರೇಕು. ನಾಯಿಯ ಹಲ್ಲನ್ನೋ ನುಣುಪು ಕಲ್ಲನ್ನೋ ಹಿಡಿಗೆ ಕಟ್ಟಿಕೊಂಡು ಉಜ್ಜಿ ಹೊಳಪು ತರುತ್ತಿದ್ದರು. ಒಳಗಿನ ಮೆತ್ತೆ ಬಿರುಕು ಬಿಟ್ಟರೆ ರೇಕು ಸಿಪ್ಪೆಯ ಹಾಗೆ ಎದ್ದು ಹೋಗುತ್ತದೆ.

ನಾನು ಮೈಸೂರಿನಲ್ಲಿ ಹಸ್ತಪ್ರತಿಗಳ ಜೊತೆಯೇ ಸರ್ವಿಸ್ ಮುಗಿಸಿದವನು. ಹೆಚ್ಚಾಗಿ ಓಲೆಗರಿ, ಕಡತ. ಚರ್ಮದ ಹಾಳೆ ಮುಟ್ಟಿದ್ದು ಕಡಿಮೆ. ಆದರೂ ಒಂದೆರಡು ವಿಷಯ ನೋಡಿ ಹೇಳಿ. ಒಂದು ಬದಿ ಸ್ವಲ್ಪ ಹಳದಿಯಾಗಿ, ಸಣ್ಣ ಸಣ್ಣ ಚುಕ್ಕಿ ಕಾಣುತ್ತದಾ? ಅದು ಕೂದಲಿದ್ದ ಬದಿ. ಇನ್ನೊಂದು ಬದಿ ಬೆಳ್ಳಗೆ ನುಣ್ಣಗಿರಬೇಕು. ನಾಲ್ಕು ಅಂಚಿನಲ್ಲಿ ಒಂದು ಉದ್ದನೆಯ ಅಂಚು ಉಳಿದವಕ್ಕಿಂತ ಹೊಸದಾಗಿ, ನೆಟ್ಟಗೆ ಕತ್ತರಿಸಿದ ಹಾಗಿದೆಯಾ?

ಸಾಗರದವ
ಫೋಟೊ ಹಾಕಿದ್ದೇನೆ. ಚುಕ್ಕಿಗಳಿವೆ ಸರ್. ಮೊದಲು ಕೊಳೆ ಅಂದುಕೊಂಡಿದ್ದೆ. ಎಡಗಡೆ ಅಂಚು ಬ್ಲೇಡಿನಿಂದ ಎಳೆದ ಹಾಗೆ ನೇರ ಇದೆ. ಅದೇ ಅಂಚಿನಲ್ಲಿ ಎರಡು ಕಡೆ ಅರ್ಧ ತೂತುಗಳಿವೆ.

ಓಲೆಮನೆ
ಆ ಅರ್ಧ ತೂತು ಹೊಲಿಗೆಯದು. ಇನ್ನರ್ಧ ಜೋಡಿ ಹಾಳೆಯಲ್ಲಿದೆ. ಮೂರು ಅಂಚು ಮಾಸಿ, ಒಂದು ಮಾತ್ರ ಹೊಸದು ಅಂದರೆ ಕತ್ತರಿಸಿ ಬಹಳ ಕಾಲ ಆಗಿಲ್ಲ.

ನೀವಿರುವ ಊರೇ ಈ ಕಥೆಯ ದೊಡ್ಡ ಊರು, ಗೊತ್ತಾ? ಆಟೊ ಎಗೆ ಎಂಬಾತ (1888–1951) ಕ್ಲೀವ್‌ಲ್ಯಾಂಡಿನ ಕಲಾಶಾಲೆಯಲ್ಲಿ ಡೀನ್ ಆಗಿದ್ದ. ಒಳ್ಳೆ ಮೇಷ್ಟ್ರು. ಅಕ್ಷರದ ಚೆಲುವು ಹೇಗೆ ನೋಡಬೇಕು ಅಂತ ಕಲಿಸುತ್ತಿದ್ದವನು. ಅದೇ ಮನುಷ್ಯ ಮಧ್ಯಯುಗದ ಪುಸ್ತಕಗಳನ್ನು ಕೊಂಡು, ಬಿಚ್ಚಿ, ಹಾಳೆ ಹಾಳೆಯಾಗಿ ಮಾರುತ್ತಿದ್ದ. ಗುಟ್ಟಾಗಿಯೂ ಅಲ್ಲ. 1938ರಲ್ಲಿ ಒಂದು ಪತ್ರಿಕೆಯಲ್ಲಿ "ನಾನೊಬ್ಬ ಪುಸ್ತಕ ಒಡೆಯುವವ" ಎಂಬ ಅರ್ಥದ ತಲೆಬರಹ ಕೊಟ್ಟು ಲೇಖನವನ್ನೇ ಬರೆದ. ಒಬ್ಬನ ಬೀರುವಿನಲ್ಲಿ ಪೂರ್ತಿ ಪುಸ್ತಕ ಇರುವುದಕ್ಕಿಂತ ಸಾವಿರ ಜನರ ಕೈಗೆ ಒಂದೊಂದು ಹಾಳೆ ಸಿಕ್ಕರೆ ಒಳ್ಳೆಯದಲ್ಲವೇ ಅನ್ನುವುದು ಅವನ ವಾದ.

ಅವನು ಜೋಡಿಸಿದ ಪೆಟ್ಟಿಗೆಗಳಲ್ಲಿ ಒಂದು ಬಗೆಯದು ಬಹಳ ಹೆಸರುವಾಸಿ. 50 ಪುಸ್ತಕಗಳಿಂದ ಒಂದೊಂದು ಹಾಳೆ, ಅಂಥ 40 ಪೆಟ್ಟಿಗೆ. ಅವನು ಸತ್ತ ಮೇಲೆ ಹೆಂಡತಿ ಲೂಯಿಸ್ ಅವನ್ನು ಮಾರಿದರು. ಒಹಾಯೋದಲ್ಲೇ ಹಲವು ಕಾಲೇಜು, ಗ್ರಂಥಾಲಯಗಳಲ್ಲಿ ಇಂದಿಗೂ ಇವೆ.

ಆ ಪೆಟ್ಟಿಗೆಯ 15ನೇ ಹಾಳೆಯ ಕಥೆ ಕೇಳಿ. ಅದು ಫ್ರಾನ್ಸಿನ ಬೋವೆ ಊರಿನ ದೊಡ್ಡ ಇಗರ್ಜಿಗೆ 13ನೇ ಶತಮಾನದ ಕೊನೆಯಲ್ಲಿ ಬರೆದ ಪೂಜಾ ಪುಸ್ತಕದ್ದು. 1926ರಲ್ಲಿ ಲಂಡನ್ನಿನ ಹರಾಜಿನಲ್ಲಿ ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಪರವಾಗಿ 970 ಪೌಂಡಿಗೆ ಕೊಂಡಾಗ 309 ಹಾಳೆ ಇತ್ತು. ಹರ್ಸ್ಟ್‌ಗೆ ಸಾಲ ಏರಿತು, 1942ರಲ್ಲಿ ಮಾರಿದ. ನ್ಯೂಯಾರ್ಕಿನ ವ್ಯಾಪಾರಿ ಫಿಲಿಪ್ ದುಶ್ನೆ ಕೊಂಡು ಕತ್ತರಿಸಿದ. ಒಂದಷ್ಟು ಹಾಳೆ ಎಗೆಗೆ ಹೋಯಿತು. ಆರೂವರೆ ನೂರು ವರ್ಷ ಯುದ್ಧ, ಬೆಂಕಿ, ಫ್ರೆಂಚ್ ಕ್ರಾಂತಿ ಎಲ್ಲಾ ದಾಟಿ ಬಂದ ಪುಸ್ತಕ ಒಬ್ಬ ವ್ಯಾಪಾರಿಯ ಮೇಜಿನ ಮೇಲೆ ಮುಗಿಯಿತು.

ಹಳೇಸಂತೆ
ಓಲೆಮನೆ ಸರ್ ಹೇಳಿದ್ದು ಸರಿ, ಆದರೆ ಅರ್ಧ ಕಥೆ. ನಾನು ಬೆಂಗಳೂರಿನಲ್ಲಿ ಹಳೆ ನಾಣ್ಯ, ಹಳೆ ಮುದ್ರಿತ ಚಿತ್ರಗಳ ವ್ಯಾಪಾರದವನು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ವ್ಯಾಪಾರಿ ಯಾಕೆ ಕತ್ತರಿಸುತ್ತಾನೆ? ಲೆಕ್ಕಕ್ಕೆ ಹೇಳುತ್ತೇನೆ, ಅಂಕಿ ನನ್ನದೇ. ರಟ್ಟು ಹೋದ, ಒಳ್ಳೆ ಚಿತ್ರಗಳನ್ನು ಆಗಲೇ ಯಾರೋ ಕಿತ್ತುಕೊಂಡ 150 ಹಾಳೆಯ ಪ್ರಾರ್ಥನೆ ಪುಸ್ತಕ ಅಂದುಕೊಳ್ಳಿ. ಹಾಗೇ ಮಾರಿದರೆ 9,000 ಡಾಲರ್ ಬರಬಹುದು. ಬಿಡಿಯಾಗಿ ಸರಾಸರಿ 150 ಅಂದರೂ 22,500. ಪೂರ್ತಿ ಪುಸ್ತಕಕ್ಕೆ ಗಿರಾಕಿ ಹುಡುಕಲು ವರ್ಷಗಟ್ಟಲೆ ಬೇಕು. ಬಿಡಿ ಹಾಳೆ ಹುಟ್ಟುಹಬ್ಬದ ಉಡುಗೊರೆ ಆಗುತ್ತದೆ. ಸಾಗರದವರೇ, ಬೇಜಾರಾಗಬೇಡಿ, ನಿಮ್ಮ 210 ಡಾಲರ್ ಈ ಲೆಕ್ಕದ ಒಳಗೇ ಇದೆ. ಸ್ವಂತ ಪುಸ್ತಕ ಕತ್ತರಿಸುವುದು ಅಲ್ಲಿ ಅಪರಾಧವೂ ಅಲ್ಲ.

ಎಗೆಯನ್ನು ಈಗ ಎಲ್ಲರೂ ಕಟುಕ ಅನ್ನುತ್ತಾರೆ. ಆದರೆ ಸಣ್ಣ ಊರಿನ ಕಾಲೇಜು ಹುಡುಗ 700 ವರ್ಷದ ಹಾಳೆಯನ್ನು ಕಣ್ಣಾರೆ ನೋಡಿದ್ದು ಅವನಿಂದಲೇ ಅಲ್ವಾ?

ಬೈಂಡರ್ ಮಗ
ನಮ್ಮಪ್ಪ ಹುಬ್ಬಳ್ಳಿಯಲ್ಲಿ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದರು. ಪುಸ್ತಕ ಬಿಚ್ಚುವುದು ನನಗೆ ಹೊಸದಲ್ಲ. ದಾರ ಕತ್ತರಿಸಿದರೆ ಹಾಳೆಗಳು ಜೋಡಿ ಜೋಡಿಯಾಗಿಯೇ ಬರುತ್ತವೆ, ಒಂದಕ್ಕೂ ಗಾಯ ಆಗಲ್ಲ. ಬೇಕಾದರೆ ಮತ್ತೆ ಹೊಲಿಯಬಹುದು. ಅರ್ಧ ತೂತು ಕಾಣುತ್ತಿದೆ ಅಂದರೆ ಇವನು ಮಡಿಕೆಯ ಮೇಲೇ ಚಾಕು ಇಟ್ಟಿದ್ದಾನೆ. ಒಂದು ಜೋಡಿ ಎರಡು ಸರಕಾಗಲಿ ಅಂತ. ಪುಸ್ತಕ ಬಿಚ್ಚುವುದು ಬೇರೆ, ಇದು ಬೇರೆ ಕಣ್ರೀ.

ಇನ್ನೊಂದು ಮಾತು. ಹಳೆ ಬೈಂಡರುಗಳೂ ಸಾಚಾ ಏನಲ್ಲ. ಇಂಗ್ಲೆಂಡಿನಲ್ಲಿ 8ನೇ ಹೆನ್ರಿ 1536ರಿಂದ ಮಠಗಳನ್ನು ಮುಚ್ಚಿಸಿದಾಗ ಅಲ್ಲಿನ ಪುಸ್ತಕಗಳ ಚರ್ಮವನ್ನು ಸೀಳಿ ಹೊಸ ಪುಸ್ತಕದ ಬೆನ್ನಿಗೆ ಮೆತ್ತಿದವರು ನಮ್ಮ ವೃತ್ತಿಯವರೇ. ಗಟ್ಟಿ ಮಾಲು, ಬಿಟ್ಟಾರೇ? ತಮಾಷೆ ಅಂದರೆ ಈಗ ಆ ಚೂರುಗಳನ್ನೇ ವಿದ್ವಾಂಸರು ಹುಡುಕಿ ಓದುತ್ತಾರೆ.

ಹಿನ್ನೀರು
ನಾನು ಕಲಾ ಇತಿಹಾಸ ಓದುತ್ತಿರುವವಳು. ಹಳೇಸಂತೆ ಅಣ್ಣನ ಲೆಕ್ಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಕತ್ತರಿಸಿದಾಗ ಏನು ಹೋಗುತ್ತದೆ ಅನ್ನುವುದು.

ಈ ಪುಸ್ತಕಗಳು ದಿನದ ಹೊತ್ತು ಹೊತ್ತಿಗೆ ಹೇಳಿಕೊಳ್ಳುವ ಪ್ರಾರ್ಥನೆಗಳವು. ಪಾದ್ರಿಗಳಿಗಲ್ಲ, ಮನೆಮಂದಿಗೆ ಅಂತ ಮಾಡಿಸಿದ್ದು. ಆ ಕಾಲದಲ್ಲಿ ಇಷ್ಟು ಜನ ಕೊಂಡ ಪುಸ್ತಕ ಇನ್ನೊಂದಿಲ್ಲ. ಎಲ್ಲವೂ ಮೇಲ್ನೋಟಕ್ಕೆ ಒಂದೇ. ಹಾಗಾದರೆ ಯಾವ ಊರಿನದು ಅಂತ ಹೇಗೆ ತಿಳಿಯುತ್ತದೆ? ಮೊದಲಿಗೆ ಪಂಚಾಂಗದ ಹಾಳೆಗಳಿರುತ್ತವೆ, ತಿಂಗಳಿಗೆ ಒಂದೋ ಎರಡೋ ಪುಟ. ದಿನಕ್ಕೊಬ್ಬ ಸಂತ. ದೊಡ್ಡ ಹಬ್ಬಗಳನ್ನು ಮಾತ್ರ ಚಿನ್ನದಲ್ಲೋ ಕೆಂಪಿನಲ್ಲೋ ಬರೆದಿರುತ್ತಾರೆ. ಜನವರಿ 3ಕ್ಕೆ ಸಂತಳಾದ ಜೆನೆವಿಯೆವ್ ಚಿನ್ನದಲ್ಲಿದ್ದರೆ ಪ್ಯಾರಿಸ್ ಕಡೆ. ಅಕ್ಟೋಬರ್ 23ಕ್ಕೆ ಸಂತ ರೊಮ್ಯಾಂ ಚಿನ್ನದಲ್ಲಿದ್ದರೆ ರೂಆಂ ಊರು. ನಮ್ಮಲ್ಲಿ ಕ್ಯಾಲೆಂಡರಿನಲ್ಲಿ ಯಾವ ಜಾತ್ರೆ ದಪ್ಪ ಅಕ್ಷರದಲ್ಲಿದೆ ಅಂತ ನೋಡಿ ಇದು ಯಾವ ಕಡೆಯದು ಅನ್ನುವುದಿಲ್ಲವೇ, ಹಾಗೇ. ಇದರ ಜೊತೆಗೆ ಕೆಲವು ಹೊತ್ತಿನ ಪ್ರಾರ್ಥನೆಗಳ ಒಂದೆರಡು ಸಾಲು ಊರಿಂದೂರಿಗೆ ಬದಲಾಗುತ್ತವೆ. ಪಂಚಾಂಗ, ಆ ಸಾಲುಗಳು, ಸಂತರ ಹೆಸರಿನ ಮಾಲೆ, ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ಊರು ಸಿಗುತ್ತದೆ. ಕೆಲವೊಮ್ಮೆ ಮಾಡಿಸಿದ ಮನೆತನವೂ ಸಿಗುತ್ತದೆ. ಬಿಡಿಯಾದ ಮೇಲೆ ಪಂಚಾಂಗ ಟೆಕ್ಸಸ್‌ನಲ್ಲಿ, ಸಂತಮಾಲೆ ಟೋಕಿಯೊದಲ್ಲಿ.

ಫೋಟೊ ನೋಡಿದೆ. ಸಾಗರದವರೇ, ನಿಮ್ಮದು 'ಮಿಸೆರೆರೆ ಮೇಯಿ ದೇವುಸ್' ಅಂತ ಶುರುವಾಗುತ್ತದೆ. 'ದೇವರೇ ನನ್ನನ್ನು ಕರುಣಿಸು' ಎಂಬ ಕೀರ್ತನೆ. ತಪ್ಪೊಪ್ಪಿಕೊಳ್ಳುವ ಏಳು ಕೀರ್ತನೆಗಳಲ್ಲಿ ಒಂದು. ಇಂಥ ಎಲ್ಲಾ ಪುಸ್ತಕದಲ್ಲೂ ಅದು ಇದ್ದೇ ಇರುತ್ತದೆ. ಹಾಗಾಗಿ ಒಂಟಿಯಾಗಿ ಅದು ಯಾವ ಊರನ್ನೂ ಹೇಳುವುದಿಲ್ಲ.

ಸಾಗರದವ
ಅಯ್ಯೋ. ತಪ್ಪೊಪ್ಪಿಗೆಯ ಹಾಳೆಯೇ ನಮ್ಮನೆಗೆ ಬರಬೇಕಿತ್ತಾ!

ಹಳೇಸಂತೆ
ಹಿನ್ನೀರು ಅವರೇ, ಒಪ್ಪಿದೆ. ಆದರೆ ಚೆಲುವು ಬಲ್ಲವರೇ ಕತ್ತರಿಸಿದ್ದಾರೆ, ಬರೀ ದುಡ್ಡಿನವರಲ್ಲ. ಇಂಗ್ಲೆಂಡಿನ ಕಲಾ ವಿಮರ್ಶಕ ಜಾನ್ ರಸ್ಕಿನ್ ಗೊತ್ತಲ್ಲ? ಗಾಂಧೀಜಿ ಯಾರ ಪುಸ್ತಕ ಓದಿ 'ಸರ್ವೋದಯ' ಅಂತ ಗುಜರಾತಿಗೆ ಇಳಿಸಿದರೋ ಅವನೇ. 1854ರ ಜನವರಿಯ ಡೈರಿಯಲ್ಲಿ, ಸಂಜೆ ಪೂಜಾ ಪುಸ್ತಕ ಕತ್ತರಿಸಿದೆ, ಕಷ್ಟದ ಕೆಲಸ ಅಂತ ಆರಾಮಾಗಿ ಬರೆದಿದ್ದಾನೆ. ಹಾಳೆಗಳನ್ನು ಗೆಳೆಯರಿಗೆ, ಶಾಲೆಗಳಿಗೆ ಹಂಚಿದ. ಆ ಕಾಲದಲ್ಲಿ ಹೆಚ್ಚಿನವರಿಗೆ ಇದು ತಪ್ಪು ಅನ್ನಿಸಿರಲಿಲ್ಲ.

ಇನ್ನೊಂದು ತುದಿ ನೋಡಿ. ನಮ್ಮ ಮೂಡಬಿದಿರೆಯಲ್ಲಿರುವ ಜೈನರ ಧವಲ ಗ್ರಂಥ. ಶತಮಾನಗಟ್ಟಲೆ ಯಾರಿಗೂ ಓದಲು ಕೊಡದೆ ಇಟ್ಟಿದ್ದರು. ಹಂಚಿದರೆ ಪಾಪ, ಮುಚ್ಚಿಟ್ಟರೆ ಪುಣ್ಯವಾ?

ಕಡಲಕೆರೆ
ನಮ್ಮೂರಿನ ಹೆಸರು ಎತ್ತಿದ್ದಕ್ಕೆ ಬರೆಯಲೇಬೇಕಾಯಿತು.

ಹಳೇಸಂತೆಯವರೇ, ಅರ್ಧ ಕಥೆ ಅಂತ ಬೇರೆಯವರಿಗೆ ಹೇಳಿ ನೀವೂ ಅರ್ಧವೇ ಹೇಳಿದಿರಿ. ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಬಂಧ ಹಳೆಗನ್ನಡ ಲಿಪಿಯಲ್ಲಿ ಬರೆದ ಓಲೆಗರಿಗಳು. ಭಾಷೆ ಮಾತ್ರ ಪ್ರಾಕೃತ, ಸಂಸ್ಕೃತ. 12ನೇ ಶತಮಾನದ ಹೊತ್ತಿನವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಕರ್ನಾಟಕದಲ್ಲಿ ಉಳಿದ ಅತಿ ಹಳೆಯ ಹಸ್ತಪ್ರತಿ ಚಿತ್ರಗಳಲ್ಲಿ ಇವು ಸೇರುತ್ತವೆ. ಹೌದು, ಬಹಳ ಕಾಲ ದರ್ಶನ ಮಾತ್ರ, ಓದಲು ಇಲ್ಲ. ಚಿಕ್ಕವನಿದ್ದಾಗ ನಾನೂ ಕೈ ಮುಗಿದು ಬಂದವನೇ.

ಆಮೇಲೆ ಏನಾಯಿತು? 19ನೇ ಶತಮಾನದ ಕೊನೆಗೆ ನಕಲು ಮಾಡಲು ಶುರು ಮಾಡಿದರು. ನಾಗರಿಯಲ್ಲೊಂದು, ಕನ್ನಡದಲ್ಲೊಂದು. ವರ್ಷಾನುಗಟ್ಟಲೆ ಹಿಡಿಯಿತು. ನಡುವೆ ಒಂದು ಪ್ರತಿ ಗುಟ್ಟಾಗಿ ಉತ್ತರಕ್ಕೂ ಹೋಯಿತು. 1939ರಲ್ಲಿ ಅಮರಾವತಿಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಈಗ ಯಾರು ಬೇಕಾದರೂ ಓದಬಹುದು. ಗರಿಗಳು ಮಾತ್ರ ನಮ್ಮೂರಲ್ಲೇ ಇವೆ. ಸಾವಿರ ಜನರಿಗೆ ತಲುಪಿಸಬೇಕಾದರೆ ಬರೆದುಕೊಡಬೇಕು, ಅಚ್ಚು ಹಾಕಬೇಕು. ಎಗೆ ಇದ್ದ ಕಾಲಕ್ಕೆ ಕ್ಯಾಮೆರಾ ಇರಲಿಲ್ಲವೇ?

ಖಾಲಿಪುಟ
👏 ಕೊನೇ ಪ್ರಶ್ನೆ ಸರಿಯಾಗಿ ಬಿತ್ತು.

ಹಳೇಸಂತೆ
ಸರಿ ಮಾರಾಯ್ರೆ, ಒಪ್ಪಿದೆ. ಆದರೂ ಫೋಟೊ ನೋಡಿದವನಿಗೆ ಚಿನ್ನ ಮಿಂಚಲ್ಲ.

ಓಲೆಮನೆ
ಒಂದು ಸೇರಿಸುತ್ತೇನೆ. ನಮ್ಮ ಕಡೆಯ ಪುಸ್ತಕ ಒಡೆಯಲು ಚಾಕುವೂ ಬೇಡ. ಓಲೆಕಟ್ಟಿನ ದಾರ ಎಳೆದರೆ ಸಾಕು, ಗರಿ ಗರಿಯೂ ಬೇರೆ. ಗುಜರಾತ್, ರಾಜಸ್ಥಾನ ಕಡೆಯ ಜೈನರ ಕಲ್ಪಸೂತ್ರ ಪ್ರತಿಗಳು ಕಾಗದದವು, ಅವೂ ಬಿಡಿ ಹಾಳೆಯವೇ. ಚಿತ್ರವಿದ್ದ ಹಾಳೆಗಳು ಲೋಕದ ತುಂಬಾ ಹರಡಿಹೋಗಿವೆ. ಅಕ್ಬರ್ ಮಾಡಿಸಿದ ಸಾಹಸ ಕಥೆಗಳ ಪುಸ್ತಕ ಹಮ್ಜಾನಾಮಾದಲ್ಲಿ ಸುಮಾರು 1,400 ಚಿತ್ರ ಇತ್ತು, ಬಟ್ಟೆಯ ಮೇಲೆ ಬರೆದ ದೊಡ್ಡ ದೊಡ್ಡ ಚಿತ್ರಗಳು. ಈಗ 200ರ ಆಸುಪಾಸು ಗೊತ್ತಿವೆ. 1881ರಲ್ಲಿ ಲಂಡನ್ನಿನ ಮ್ಯೂಸಿಯಂಗೆ ಸರಕು ಹುಡುಕುತ್ತಿದ್ದ ಕ್ಯಾಸ್ಪರ್ ಪರ್ಡನ್ ಕ್ಲಾರ್ಕ್ ಶ್ರೀನಗರದಲ್ಲಿ ಇವುಗಳಲ್ಲಿ ಕೆಲವನ್ನು ಕಂಡ. ಗಾಳಿ ಬರದಿರಲಿ ಅಂತ ಕಿಟಕಿಗೆ ಹೊದಿಸಿದ್ದರಂತೆ.

ಈಗ ನಮ್ಮಲ್ಲಿ 1972ರ ಕಾಯ್ದೆ ಇದೆ. ಮಹತ್ವದ ಹಸ್ತಪ್ರತಿ 75 ವರ್ಷ ದಾಟಿದರೆ ಪುರಾತನ ವಸ್ತು ಅಂತಲೇ ಲೆಕ್ಕ. ಖಾಸಗಿಯವರು ದೇಶದಾಚೆ ಕಳಿಸುವ ಹಾಗಿಲ್ಲ. ಮನೆಯ ಅಟ್ಟದಲ್ಲಿ ಓಲೆಕಟ್ಟು ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ದಯವಿಟ್ಟು ಹೊಳೆಗೂ ಬಿಡಬೇಡಿ.

ಹಿನ್ನೀರು
ಚೆಲುವು ಬಲ್ಲವರು ಅಂದಿರಲ್ಲ, ಅದರಲ್ಲಿ ನನಗೆ ಅತಿ ಸಿಟ್ಟು ಬರುವುದು ಶಾ ತಹ್ಮಾಸ್ಪನ ಶಾಹನಾಮೆಯ ಕಥೆಗೆ. ಇದು ಯುರೋಪಿನದಲ್ಲ, ಇರಾನಿನದು, ಅಲ್ಲಿನ ರಾಜರ ಕಥೆ ಹೇಳುವ ಕಾವ್ಯ. 16ನೇ ಶತಮಾನದ ಮೊದಲ ಭಾಗದಲ್ಲಿ ತಬ್ರೀಜಿನಲ್ಲಿ ಆದದ್ದು, 258 ಚಿತ್ರ. 1959ರಲ್ಲಿ ಅಮೆರಿಕದ ಆರ್ಥರ್ ಹೌಟನ್ ಎಂಬ ಶ್ರೀಮಂತ ಕೊಂಡಾಗ ಎಲ್ಲಾ ಚಿತ್ರವೂ ಒಳಗಿತ್ತು. ಅವನು ಹಾರ್ವರ್ಡಿಗೆ ಅಪರೂಪದ ಪುಸ್ತಕಗಳ ಗ್ರಂಥಾಲಯ ಕಟ್ಟಿಸಿಕೊಟ್ಟವನು! ಅವನೇ ಒಡೆದ. 78 ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಯಿತು. 1976ರಲ್ಲಿ ಏಳು ಹಾಳೆ ಹರಾಜಿಗೆ ಬಂತು, ಆಮೇಲೆ ಇನ್ನಷ್ಟು.

ಅವನು ಸತ್ತ ಮೇಲೆ 118 ಚಿತ್ರ ಉಳಿದಿತ್ತು. ಇರಾನ್ ವಾಪಸ್ ತೆಗೆದುಕೊಳ್ಳಲು ತಯಾರಿತ್ತು. ದುಡ್ಡಿನ ಬದಲು, ಅಲ್ಲಿನ ಮ್ಯೂಸಿಯಂನಲ್ಲಿ ಮೂಲೆಗೆ ಬಿದ್ದಿದ್ದ ವಿಲ್ಲೆಮ್ ಡಿ ಕೂನಿಂಗ್ ಚಿತ್ರವೊಂದನ್ನು ಕೊಟ್ಟರು. ನಗ್ನ ಹೆಂಗಸಿನ ಚಿತ್ರ, ಅಲ್ಲಿ ತೋರಿಸುವ ಹಾಗೇ ಇರಲಿಲ್ಲ. 1994ರಲ್ಲಿ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಅದಲುಬದಲು ಆಯಿತು. 2011ರಲ್ಲಿ ಆ ಪುಸ್ತಕದ್ದೇ ಒಂದು ಹಾಳೆ ಲಂಡನ್ನಿನಲ್ಲಿ 74 ಲಕ್ಷ ಪೌಂಡಿಗೆ ಹೋಯಿತು. ಒಂದೇ ಒಂದು ಹಾಳೆ. ಹಳೇಸಂತೆ ಅಣ್ಣ, ನಿಮ್ಮ ಲೆಕ್ಕ ಅಲ್ಲೂ ಸರಿಯಾಗಿದೆ ನೋಡಿ, ಸೊನ್ನೆ ಮಾತ್ರ ಜಾಸ್ತಿ.

ಬೈಂಡರ್ ಮಗ
ಸಾಗರದವರು ಕೇಳಿದ್ದು ಒಂದು, ನಾವು ಎಲ್ಲೆಲ್ಲಿಗೋ ಹೋದೆವು. ಅವರೀಗ ಏನು ಮಾಡಬೇಕು ಹೇಳ್ರಪ್ಪ. ವಾಪಸ್ ಕಳಿಸಲಾ?

ಓಲೆಮನೆ
ವಾಪಸ್ ಕಳಿಸಿದರೆ ನಾಳೆ ಇನ್ನೊಬ್ಬರಿಗೆ ಮಾರುತ್ತಾನೆ, ಅಷ್ಟೇ. ಇಟ್ಟುಕೊಳ್ಳಿ. ಬಿಸಿಲು ಬೀಳದ ಕಡೆ ಇಡಿ. ಗಾಜಿಗೆ ಒತ್ತಿಕೊಳ್ಳದ ಹಾಗೆ ರಟ್ಟಿನ ಚೌಕಟ್ಟು ಮಾಡಿಸಿ. ಅಂಟು, ಟೇಪು ಮುಟ್ಟಿಸಬೇಡಿ. ಮುಖ್ಯವಾಗಿ ಎರಡೂ ಬದಿಯ ಫೋಟೊ, ಅಳತೆ, ಎಲ್ಲಿ ಕೊಂಡಿರಿ ಅನ್ನುವುದನ್ನು ಬರೆದು ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಕಳಿಸಿ.

ಇದು ಕಾಟಾಚಾರಕ್ಕೆ ಹೇಳುತ್ತಿರುವುದಲ್ಲ. ಲೀಸಾ ಫೇಗಿನ್ ಡೇವಿಸ್ ಎಂಬ ವಿದ್ವಾಂಸೆ ಬೋವೆ ಪುಸ್ತಕದ ಚದುರಿದ ಹಾಳೆಗಳನ್ನು ವರ್ಷಗಳಿಂದ ಹುಡುಕುತ್ತಿದ್ದಾರೆ. ನೂರಕ್ಕೂ ಹೆಚ್ಚು ಸಿಕ್ಕಿವೆ, ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸುತ್ತಿದ್ದಾರೆ. ಎಗೆಯ ಮನೆಯಲ್ಲಿ ಉಳಿದಿದ್ದನ್ನು 2015ರಲ್ಲಿ ಯೇಲ್ ವಿಶ್ವವಿದ್ಯಾಲಯ ಕೊಂಡಿತು. 2022ರಲ್ಲಿ ಮೇನ್ ರಾಜ್ಯದಲ್ಲಿ ಯಾರದೋ ಮನೆ ಸಾಮಾನು ಮಾರಾಟದಲ್ಲಿ ಒಬ್ಬ ಹುಡುಗ 75 ಡಾಲರಿಗೆ ಒಂದು ಹಾಳೆ ಕೊಂಡ. ನೋಡಿದರೆ ಅದೂ ಬೋವೆಯದೇ!

ಸಾಗರದವ
ಎಲ್ಲರಿಗೂ ಧನ್ಯವಾದ. ಎರಡು ಸುದ್ದಿ ಇದೆ.

ಒಂದು, ಹೆಂಡತಿಗೆ ಗೊತ್ತಾಯಿತು. ನಾನು ಹೇಳಲಿಲ್ಲ, ಅವಳೇ ಈ ಚರ್ಚೆ ಓದಿದಳು. ಸಾಗರದವ ಅಂತ ಹೆಸರಿಟ್ಟುಕೊಂಡು ಕ್ಲೀವ್‌ಲ್ಯಾಂಡ್ ಅಂತ ಬರೆದರೆ ಇನ್ಯಾರು ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡು, ಹಾಳೆಯ ಹಿಂಬದಿ ಕೆಳಗೆ, ಸಾಲುಗಳಿಂದ ದೂರ, ಸಣ್ಣ ಅಕ್ಷರದಲ್ಲಿ ಎರಡು ಪದ ಇದೆ. 'ಎತ್ ಸ್ಪಿರಿತುಂ'. ಇದೇನು?

ಬೈಂಡರ್ ಮಗ
ಅಯ್ಯೋ, ಅದು ನಮ್ಮವರಿಗೇ ಬರೆದದ್ದು! ಒಟ್ಟಿಗೆ ಮಡಚಿ ಹೊಲಿಯುವ ಹಾಳೆಗಳ ಒಂದು ಕಟ್ಟು ಮುಗಿಯುವ ಕಡೆ ಮುಂದಿನ ಕಟ್ಟಿನ ಮೊದಲ ಪದ ಬರೆದಿಡುತ್ತಿದ್ದರು. ಹೊಲಿಯುವವನು ಓದು ಬಾರದಿದ್ದರೂ ಪದಕ್ಕೆ ಪದ ತಾಳೆ ನೋಡಿ ಕಟ್ಟು ಜೋಡಿಸಲಿ ಅಂತ.

ಹಿನ್ನೀರು
ನಿಮ್ಮ ಹಾಳೆ 'ಶುದ್ಧ ಹೃದಯವನ್ನು ನನ್ನಲ್ಲಿ ಉಂಟುಮಾಡು ದೇವರೇ' ಅನ್ನುವಲ್ಲಿ ನಿಂತಿದೆ. ಮುಂದಿನದು 'ಎತ್ ಸ್ಪಿರಿತುಂ ರೆಕ್ತುಂ' ಅಂತ ಶುರುವಾಗಬೇಕು. ಆ 38ರಲ್ಲಿ ಇದೆಯಾ ನೋಡಿ.

ಸಾಗರದವ
ಇದೆ. ಮಾರುವವನು ಇಟ್ಟ ಹೆಸರು 'ಪಠ್ಯದ ಹಾಳೆ, ಸಣ್ಣ ಚಿನ್ನದ ಅಕ್ಷರಗಳು'. ಹರಾಜು ಮುಗಿಯಲು ಎರಡು ದಿನ ಇದೆ, ಈಗ 95 ಡಾಲರ್. ತಗೊಂಡುಬಿಡೋಣ, ಜೊತೆಗಿರಲಿ ಅನ್ನುತ್ತಿದ್ದಾಳೆ ಇವಳು.

ಹಳೇಸಂತೆ
ನೋಡಿದಿರಾ? ನಮ್ಮಂಥವರು ಬದುಕುವುದೇ ಹೀಗೆ. 😀 ನನ್ನನ್ನು ಕೇಳಿದರೆ, ಬೇಡ. ವ್ಯಾಪಾರಿಯಾಗಿ ಹೇಳುತ್ತಿದ್ದೇನೆ. ಎರಡನೇದು ಕೊಂಡರೆ ಇನ್ನೊಂದು ಪುಸ್ತಕ ಕತ್ತರಿಸಲು ಅವನಿಗೆ ಧೈರ್ಯ ಬರುತ್ತದೆ.

ಕಡಲಕೆರೆ
ಹಳೇಸಂತೆಯವರೇ, ಇದನ್ನೇ ಮೊದಲ ಪೋಸ್ಟಿನಲ್ಲಿ ಹೇಳಬಹುದಿತ್ತಲ್ಲ.

ಸಾಗರದವ
ಹರಾಜು ನಿನ್ನೆ ರಾತ್ರಿ ಮುಗಿಯಿತು. ನಾವು ಹಾಕಲಿಲ್ಲ. 165ಕ್ಕೆ ಯಾರಿಗೋ ಹೋಯಿತು. ಸುಳ್ಳು ಯಾಕೆ ಹೇಳಲಿ, ಕೊನೆ ನಿಮಿಷದಲ್ಲಿ ಕೈ ಕಡಿಯಿತು.

ಅದರ ಬದಲು ಇಬ್ಬರೂ ಕೂತು 38 ಹಾಳೆಗಳ ಎರಡೂ ಬದಿಯ ಫೋಟೊ ಇಳಿಸಿಕೊಂಡೆವು. ಮಾರಾಟವಾದ ಮೇಲೆ ಪುಟ ತೆಗೆದುಬಿಡುತ್ತಾನಂತೆ. ನಮ್ಮದೂ ಸೇರಿ 39. ಊಟದ ಮೇಜಿನ ಮೇಲೆ ಪ್ರಿಂಟ್ ಹರಡಿ, ಲ್ಯಾಟಿನ್ ಒಂದಕ್ಷರ ಬಾರದಿದ್ದರೂ ಪದ ಟೈಪ್ ಮಾಡಿ ಹುಡುಕಿ, ಇಲ್ಲಿಯವರೆಗೆ 22ನ್ನು ಸಾಲಾಗಿ ಇಟ್ಟಿದ್ದೇವೆ. ಪಂಚಾಂಗದ್ದು ಮೂರೇ ಹಾಳೆ ಸಿಕ್ಕಿವೆ.

ಹಿನ್ನೀರು
ಅಕ್ಟೋಬರ್ ಇದೆಯಾ? 23 ನೋಡಿ!

ಸಾಗರದವ
ಇದೆ. ಎಣಿಸಲು ಅರ್ಧ ಗಂಟೆ ಹಿಡಿಯಿತು, ಅವರು ನಮ್ಮ ಹಾಗೆ 1, 2, 3 ಅಂತ ಬರೆದಿಲ್ಲ. ಅಕ್ಕಪಕ್ಕದ ಸಾಲೆಲ್ಲಾ ನೀಲಿ, ಕೆಂಪು. ಆ ಒಂದು ಸಾಲು ಮಾತ್ರ ಚಿನ್ನ. ಇವಳೇ ಜೋರಾಗಿ ಓದಿದಳು: 'ಸಂತ ರೊಮ್ಯಾಂ'.